ಕಾಲಾಳಿನ ಮೊದಲ ಹೆಜ್ಜೆ

"ಆಗೋ ಮಾತಲ್ಲ ಬುಡು" ಎಂದವರು ಮುಳ್ಳೂರಿನ ನಮ್ಮ ಸೋದರಮಾವ ಪುಟ್ಟಮಾದಯ್ಯ. ಬೇರೆ ಯಾರಾದರೂ ಅಂದಿದ್ದರೆ ಮರೆಯುತ್ತಿದ್ದೆ. ನಾನು ಕಾಲೇಜು ಓದುವುದು ಆಗುವ ಮಾತಲ್ಲ ಎಂದು ಕೌದಳ್ಳಿಯಲ್ಲಿ ಅರ್ಧ ಊರೇ ಅಂದಿತ್ತು. ಅವರ ಹೆಸರನ್ನೆಲ್ಲ ನೆನಪಿಟ್ಟುಕೊಳ್ಳಲು ನನಗೆ ಪುರುಸೊತ್ತು ಇರಲಿಲ್ಲ. ಆದರೆ ಮಾವ ಹಾಗೆ ಅನ್ನುವವರಲ್ಲ. ಊರು ಆಗದು ಎಂದಾಗ "ನಮ್ಮನೇಲಿ ಇದ್ಕಂಡು ಓದ್ಲಿ" ಎಂದು ನನ್ನನ್ನು ಮುಳ್ಳೂರಿಗೆ ಕರೆದೊಯ್ದು ಕೊಳ್ಳೇಗಾಲದ ಕಾಲೇಜಿಗೆ ಸೇರಿಸಿದವರೇ ಅವರು. ಅಂಥವರು ಒಂದೇ ಒಂದು ವಿಷಯದಲ್ಲಿ ನನಗೆ ಆಗದು ಎಂದರು. ಅದು ಚದುರಂಗ.

ನಾನು ಬಿ.ಎಸ್ಸಿ. ಪಾಸಾದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಜಂಬ ಎಂದುಕೊಂಡರೂ ಸರಿ. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಹುಡುಕಿದರೂ ನನಗಿಂತ ಮುಂಚೆ ಇದನ್ನು ಹೇಳಿಕೊಳ್ಳಬಲ್ಲವರು ಒಬ್ಬರೂ ಇಲ್ಲ. ಮೂರು ವರ್ಷದ ಓದಿಗೆ ನನಗೆ ಐದು ವರ್ಷ ಹಿಡಿಯಿತು. ರಸಾಯನಶಾಸ್ತ್ರ ಎರಡು ಸಲ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿತ್ತು. ಈಗ ಹನೂರಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ.

ಮೊನ್ನೆ ತರಗತಿಯಲ್ಲಿ ಸೀಮೆಸುಣ್ಣಕ್ಕೆಂದು ಕೈಚೀಲದ ತಳ ತಡಕುವಾಗ ಒಂದು ರೇಷ್ಮೆಗೂಡು ಕೈಗೆ ಸಿಕ್ಕಿತು. ಹಳದಿಯದು, ಒಂದು ತುದಿಯಲ್ಲಿ ಚಿಟ್ಟೆ ಹೊರಬಂದ ತೂತು. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ, ಅದು ಯಾರಿಗೂ ಬೇಡ. ಮುಂದಿನ ಸಾಲಿನ ಹುಡುಗಿ "ಏನ್ ಮಿಸ್ ಅದು?" ಎಂದಳು. "ಕಾಲಾಳು" ಎಂದೆ. ಅವಳು ನನ್ನ ಮುಖವನ್ನು ಒಂದು ಥರ ನೋಡಿ ಕೂತಳು. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಮಾವನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹುಳುವಿನ ಮನೆಯಲ್ಲಿ ಮನುಷ್ಯರ ಗಡಿಯಾರ ನಡೆಯುವುದಿಲ್ಲ. ಹುಳು ತಿನ್ನುವಷ್ಟು ದಿನ ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು, ಕಸ ತೆಗೆಯಬೇಕು. ಆದರೆ ಒಂದು ಬೆಳೆಯಲ್ಲಿ ನಾಲ್ಕು ಸಲ ಹುಳು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಹಳೆಯ ಚರ್ಮ ಕಳಚುವ ಹೊತ್ತು ಅದು. ಅದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಮನೆಯವರಿಗೆ ಒಂದು ಹಗಲು ಬಿಡುವು. ಆ ಹಗಲು ಜಗಲಿಯಲ್ಲಿ ಚದುರಂಗ.

ಮಾವನ ಎದುರಾಳಿ ಪಕ್ಕದ ಮನೆಯ ನಂಜುಂಡಣ್ಣ. ಅವರೂ ಹುಳು ಸಾಕುವವರೇ. ಇಬ್ಬರೂ ಮಾತಾಡಿಕೊಂಡು ಒಂದೇ ದಿನ ಮೊಟ್ಟೆ ತರುತ್ತಿದ್ದರು, ಎರಡು ಮನೆಯ ಹುಳಕ್ಕೂ ಜ್ವರ ಒಂದೇ ದಿನ ಬರಲಿ ಎಂದು. ಇಪ್ಪತ್ತು ವರ್ಷದ ಹಲಗೆ ಅದು. ರಾಜ, ಮಂತ್ರಿ, ಆನೆ, ಒಂಟೆ, ಕುದುರೆ ಇದ್ದವು. ಕಾಲಾಳುಗಳು ಮಾತ್ರ ಒಂದೊಂದಾಗಿ ಕಳೆದು, ಅವುಗಳ ಜಾಗದಲ್ಲಿ ತೂತು ಗೂಡುಗಳು ನಿಂತಿದ್ದವು. ಮಾವ ಯಾವಾಗಲೂ ಕಪ್ಪು. ಅವರ ಕಡೆಗೆ ಹಳದಿ ಗೂಡು. ನಂಜುಂಡಣ್ಣನ ಕಡೆಗೆ ಬಿಳಿ ಗೂಡು. ಎಂಥ ಸೆಕೆಯಲ್ಲೂ ಫ್ಯಾನ್ ಹಾಕುವಂತಿರಲಿಲ್ಲ. ಹಾಕಿದರೆ ಎರಡೂ ಸೈನ್ಯ ಒಟ್ಟಿಗೆ ಅಂಗಳಕ್ಕೆ ಓಡುತ್ತಿದ್ದವು.

"ಲೇ ನಂಜುಂಡ, ಒಂಟೆ ಓಡ್ಸೋನೇ, ಇಂದ್ಕೆ ಒಸಿ ತಿರ್ಗಿ ನೋಡ್ಲಾ."

"ನಿನ್ ಮನೆ ಬಾಗ್ಲು ಮೊದ್ಲು ಆಕ್ಕೋ ಕಣ್ಲಾ. ಆಮೇಲೆ ನನ್ ಒಂಟೆ ಯೋಚ್ನೆ ಮಾಡೀಯಂತೆ."

"ಒಂದ್ ಗಂಟೆಯಿಂದ ಅದೇ ಕಾಯಿ ಇಡ್ಕಂಡು ಕುಂತಿದ್ದಿಯಲ್ಲ, ಅದೇನ್ ಮೊಟ್ಟೆ ಇಟ್ಟದಾ?"

ಹೀಗೆ ನಡೆಯುತ್ತಿರುವಾಗ ಒಳಗಿನಿಂದ ಅತ್ತೆಯ ಕೂಗು ಬರುವುದು: "ಉಳ ಎದ್ವು ಕಣ್ರೀ! ಸೊಪ್ಪು!" ಅಷ್ಟೇ. ಇಬ್ಬರೂ ಹೇಗಿದ್ದರೆ ಹಾಗೆ ಏಳುತ್ತಿದ್ದರು. ಹಲಗೆಯ ಮೇಲೆ ಒಂದು ಕುಕ್ಕೆ ಕವುಚಿ, ಯಾರ ನಡೆ ಎಂಬುದನ್ನು ಜೋರಾಗಿ ಹೇಳಿ, ತೋಟಕ್ಕೆ ಹೋಗುತ್ತಿದ್ದರು. ಮುಂದಿನ ಜ್ವರದವರೆಗೂ ಆ ಕುಕ್ಕೆಯನ್ನು ಯಾರೂ ಮುಟ್ಟಬಾರದು.

ನಾನು ಮುಟ್ಟುತ್ತಿದ್ದೆ. ಹೆಣ್ಣುಮಕ್ಕಳು ಆಡಬಾರದು ಎಂದು ಯಾರೂ ಹೇಳಿರಲಿಲ್ಲ. ಕೂರಲು ಇದ್ದದ್ದು ಎರಡೇ ಜಾಗ, ಅವೆರಡೂ ತುಂಬಿದ್ದವು, ಅಷ್ಟೆ. ನೀರು ಕೊಡುವಾಗ, ಕಾಫಿ ಲೋಟ ಎತ್ತುವಾಗ ನಿಂತು ನೋಡಿ ನೋಡಿಯೇ ನಾನು ಕಾಯಿಗಳ ನಡೆ ಕಲಿತದ್ದು. ಅವರು ತೋಟಕ್ಕೆ ಹೋದ ಮೇಲೆ ಮೆಲ್ಲಗೆ ಕುಕ್ಕೆ ಎತ್ತಿ, ಕಾಯಿಗಳಿದ್ದ ಹಾಗೇ ರಸಾಯನಶಾಸ್ತ್ರದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಬಸ್ಸಿನಲ್ಲಿ ಕೂತು, ಈ ಕುದುರೆ ಅಲ್ಲಿದ್ದಿದ್ದರೆ ಏನಾಗುತ್ತಿತ್ತು, ಈ ಆನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದು. ಆ ಪರೀಕ್ಷೆ ಎರಡು ಸಲ ಯಾಕೆ ಹೋಯಿತು ಎಂಬುದಕ್ಕೆ ಆ ನೋಟ್‌ಬುಕ್ಕೇ ಸಾಕ್ಷಿ.

ಕಾಲೇಜಿನ ವಾಚನಾಲಯದಲ್ಲಿ ಭಾನುವಾರದ ಪತ್ರಿಕೆ ಸೋಮವಾರ ಸಿಗುತ್ತಿತ್ತು. ಅದರ ಒಂದು ಮೂಲೆಯಲ್ಲಿ ಚದುರಂಗದ ಚಿತ್ರ, ಕೆಳಗೆ ಒಂದು ಸಾಲು: ಬಿಳಿ ನಡೆದು ಎರಡೇ ನಡೆಯಲ್ಲಿ ಕಪ್ಪು ರಾಜನನ್ನು ಹಿಡಿಯಬೇಕು. ಅದರ ಕೆಳಗೆ ಚಿಕ್ಕದಾಗಿ ಒಂದು ಹೆಸರು. ಅದು ಆಡಿದವರ ಹೆಸರಲ್ಲ, ಕಟ್ಟಿದವರ ಹೆಸರು ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಯಾರೂ ಆಡದ ಆಟದ ಕೊನೆಯನ್ನು ಒಬ್ಬರು ಕೂತು ಕಟ್ಟುತ್ತಾರೆ. ಅದಕ್ಕೆ ಸಮಸ್ಯೆ ಎಂದು ಹೆಸರು, ನನ್ನ ಬಾಯಲ್ಲಿ ಕಟ್ಟು. ಅವರಿಗೆ ಎದುರಾಳಿ ಇಲ್ಲ, ಗೆಲುವಿಲ್ಲ, ಸೋಲಿಲ್ಲ. ಆದರೆ ನಿಯಮ ಕಠಿಣ. ಉತ್ತರಕ್ಕೆ ಒಂದೇ ದಾರಿ ಇರಬೇಕು. ಎರಡನೆಯ ದಾರಿ ಸಿಕ್ಕರೆ ಕಟ್ಟು ಬಿದ್ದುಹೋಯಿತು; ದಾರಿಯೇ ಇಲ್ಲದಿದ್ದರೆ ಅದು ಕಟ್ಟೇ ಅಲ್ಲ. ಕೆಲಸವಿಲ್ಲದ ಒಂದು ಕಾಯಿಯೂ ಹಲಗೆಯ ಮೇಲೆ ನಿಂತಿರಬಾರದು. ಮೊದಲ ನಡೆ ಯಾರನ್ನೂ ಹೊಡೆಯದೆ, ಹೆದರಿಸದೆ, ಸದ್ದಿಲ್ಲದೆ ಆಗಬೇಕು. ಅದನ್ನು ಓದಿದಾಗ ನನಗೆ ಆದ ಸಂತೋಷ ಹೇಳಲಾರೆ. ಆಡಲು ಜಾಗ ಸಿಗದವರಿಗೂ ಈ ಆಟದಲ್ಲಿ ಒಂದು ಕೆಲಸ ಇದೆಯಲ್ಲ ಎಂದು.

ಅವ್ವನಿಗೆ ಹೇಳಿದೆ, "ನಾನು ಸಮಸ್ಯೆ ಕಟ್ತೀನವ್ವ." ಅವ್ವ ಅಪ್ಪನ ಕಡೆ ತಿರುಗಿ, "ನೋಡಿದ್ರಾ, ಮನೇಲಿ ಇರೋದು ಸಾಲ್ದು ಅಂತ ನಿಮ್ಮಗಳು ಪೇಪರ್ ಮ್ಯಾಲೆ ಬೇರೆ ಬರ್ಕತ್ತಾ ಕುಂತವ್ಳೆ" ಎಂದಳು.

ನಾನು ಪಾಸಾಗಿ ಹನೂರಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ನಂಜುಂಡಣ್ಣ ತೀರಿಕೊಂಡರು. ಆ ಬೆಳೆಯ ನಾಲ್ಕನೇ ಜ್ವರದ ದಿನ ಆಡಿದ್ದರು. ಹುಳು ಎದ್ದವು, ಕುಕ್ಕೆ ಕವುಚಿದರು, ತೋಟಕ್ಕೆ ಹೋದರು. ಗೂಡು ಬಿಡಿಸುವುದಕ್ಕೆ ಮೊದಲೇ ಅವರಿಗೆ ಎದೆನೋವು ಬಂತು. ಮೈಸೂರು ಮುಟ್ಟಲಿಲ್ಲ.

ಹದಿನೈದು ದಿನ ಕಳೆದು ನಾನು ಮುಳ್ಳೂರಿಗೆ ಹೋದಾಗ ಕುಕ್ಕೆ ಹಾಗೇ ಇತ್ತು. ಮುಂದಿನ ಬೆಳೆಯ ಮೊದಲ ಜ್ವರಕ್ಕೂ ಹಾಗೇ ಇತ್ತು. ಮಾವ ಅದರ ಪಕ್ಕದಲ್ಲಿ ಕೂತಿದ್ದರು. ನಾನು ಸುಮ್ಮನಿರಲಾರದೆ, "ಎತ್ತಿಡ್ಲಾ ಮಾವ?" ಎಂದೆ.

"ಅವನ್ ನಡೆ ಅದೆ ಕಣವ್ವ" ಎಂದರು. "ನಾನ್ ಎಂಗ್ ಮುಟ್ಲಿ?"

ಊರಿನವರು ಒಂದಿಬ್ಬರು ಆಡಲು ಬಂದರು. ಮಾವ ಕಾಫಿ ಕೊಡಿಸಿ ಕಳಿಸಿದರು. ನಾಲ್ಕು ಬೆಳೆ ಕಳೆದವು. ಜ್ವರದ ಹಗಲು ಬಂತೆಂದರೆ ಅತ್ತೆಗೆ ಭಯ. "ಕೆಲ್ಸ ಇದ್ದಾಗ ಚೆನ್ನಾಗೇ ಇರ್ತಾರೆ ಕಣೆ ಭಾಗ್ಯ. ಬಿಡುವಾದ್ರೆ ಜಗಲಿ ಕಂಬ ನೋಡ್ಕಂಡು ಕುಂತ್ಬುಡ್ತಾರೆ. ಊಟಕ್ಕೂ ಏಳಲ್ಲ" ಎಂದಳು.

ನನಗೆ ಮಾವನಿಂದ ಬೇಕಾಗಿದ್ದು ಅವತ್ತಿನಿಂದ ಒಂದೇ. ಅವರು ಮತ್ತೆ ಹಲಗೆಯ ಮುಂದೆ ಕೂರಬೇಕು. ಎದುರಾಳಿ ಇನ್ನು ಬರುವುದಿಲ್ಲ. ಆದರೆ ಎದುರಾಳಿ ಬೇಡದ ಚದುರಂಗವೂ ಇದೆಯಲ್ಲ. ನಿಂತುಹೋದ ಆ ಆಟವನ್ನು, ಮಾವ ತೋಟಕ್ಕೆ ಹೋಗಿದ್ದಾಗ ಕುಕ್ಕೆ ಎತ್ತಿ, ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅದರಿಂದಲೇ ಒಂದು ಕಟ್ಟು ಕಟ್ಟಬೇಕು. ನಂಜುಂಡಣ್ಣನ ಬಿಳಿ ನಡೆದು ಎರಡೇ ನಡೆಯಲ್ಲಿ ಮಾವನ ಕಪ್ಪು ರಾಜನನ್ನು ಹಿಡಿಯಬೇಕು, ದಾರಿ ಒಂದೇ ಇರಬೇಕು. ಅದನ್ನು ಮಾವ ಕೂತು ಬಿಡಿಸಬೇಕು.

ಮಾವನಿಗೆ ಹೇಳಿದೆ. ಆಗ ಅವರ ಬಾಯಿಂದ ಬಂದದ್ದೇ ನಾನು ಮೊದಲು ಹೇಳಿದ ಆ ಮಾತು. "ಇಪ್ಪತ್ತು ವರ್ಷ ಆಡ್ದ ನಮ್ಗೇ ಅದು ಬರಲ್ಲ. ಒಂದ್ ಆಟನೂ ಆಡ್ದೆ ಇರೋಳು ಆಟ ಕಟ್ಟಾಳಾ? ಆಗೋ ಮಾತಲ್ಲ ಬುಡು." ಇನ್ನೊಂದು ಮಾತೂ ಸೇರಿಸಿದರು: "ಅದ್ರಲ್ಲಿ ಗೆಲ್ತಿದ್ದೋನು ನಾನು. ಅವ್ನಲ್ಲ."

ಎಂಟು ತಿಂಗಳು ಹಿಡಿಯಿತು. ಕೌದಳ್ಳಿಯಿಂದ ಹನೂರಿಗೆ ಬಸ್ಸಿನಲ್ಲಿ ಹೋಗುವಾಗ ಒಂದು ಕಾಯಿ ತೆಗೆಯುವುದು, ಬರುವಾಗ ಅದನ್ನು ವಾಪಸ್ಸು ಇಡುವುದು. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಕೊನೆಗೆ ಎಲ್ಲ ಕಳೆದು ಒಂಬತ್ತು ಕಾಯಿ ಉಳಿದವು. ಕಟ್ಟಿನ ಜೀವ ಒಂದು ಕಪ್ಪು ಕಾಲಾಳು. ಇನ್ನೂ ತನ್ನ ಮೊದಲ ಮನೆಯಲ್ಲೇ ನಿಂತವನು. ಅವನ ಗುರುತಿಗೆಂದು ಮಾವನ ಜಗಲಿಯ ಗೂಡಿನ ಚೀಲದಿಂದ ಒಂದು ಹಳದಿ ಗೂಡು ತಂದು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಬಿಳಿ ಸದ್ದಿಲ್ಲದೆ ಒಂದು ನಡೆ ನಡೆದರೆ, ಕಪ್ಪಿಗೆ ಆ ಕಾಲಾಳು ಬಿಟ್ಟು ಬೇರೇನೂ ನಡೆಸಲಾಗದು. ಅವನು ಒಂದು ಹೆಜ್ಜೆ ಮುಂದಿಟ್ಟು, ತನ್ನ ರಾಜ ತಪ್ಪಿಸಿಕೊಳ್ಳಬೇಕಾದ ಮನೆಯಲ್ಲಿ ತಾನೇ ಹೋಗಿ ನಿಲ್ಲುತ್ತಾನೆ. ಕಾಯಬೇಕಾದವನೇ ಬಾಗಿಲು ಮುಚ್ಚುತ್ತಾನೆ. ರಾಜ ಸಿಕ್ಕಿಬೀಳುತ್ತಾನೆ.

ಅಂಚೆಯಲ್ಲಿ ಯಳಂದೂರಿಗೆ ಕಳಿಸಿದೆ. ಅಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಕೊಳ್ಳೇಗಾಲದ ಚದುರಂಗದವರ ಒಂದು ಚಿಕ್ಕ ಬಳಗ ನಡೆಸುವ ಸಮಸ್ಯಾ ರಚನೆಯ ಸ್ಪರ್ಧೆಗೆ ತೀರ್ಪುಗಾರರು. ಅವರೊಬ್ಬರು ಸರಿ ಎಂದರೆ ಮಾವ ಒಪ್ಪುತ್ತಾರೆ ಎಂಬುದು ನನ್ನ ಲೆಕ್ಕ. ವಾರಕ್ಕೆ ಕಾರ್ಡು ಬಂತು. "ಕಟ್ಟು ಚೆನ್ನಾಗಿದೆ. ಆದರೆ ಕಪ್ಪು ಕಾಲಾಳು ಎರಡು ಮನೆ ನಡೆದರೆ ಬಿಳಿಗೆ ಉತ್ತರವಿಲ್ಲ. ತೆಗೆದುಕೊಳ್ಳಲಾಗದು."

ಎರಡು ಮನೆ! ನನಗೆ ನಗು ಬಂತು. ಪಾಪ, ವಯಸ್ಸಾಗಿದೆ ಎಂದುಕೊಂಡೆ. ಕಾರ್ಡು ಬರೆದು ಹಿರಿಯರ ತಪ್ಪು ತಿದ್ದುವುದು ಮರ್ಯಾದೆಯಲ್ಲ ಎಂದು, ಭಾನುವಾರ ಹನೂರು ದಾಟಿ, ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ, ಯಳಂದೂರಿಗೇ ಹೋದೆ.

"ಸಾ, ಒಂದು ಚಿಕ್ಕ ತಪ್ಪಾಗಿದೆ" ಎಂದೆ.

"ನೀನು ಬಂದಿದ್ದು ಒಳ್ಳೇದಾಯ್ತು. ಸರಿ ಮಾಡ್ಬೋದು ಅದನ್ನ."

"ನಂದಲ್ಲ ಸಾ, ನಿಮ್ದು. ಕಾಲಾಳು ಒಂದೇ ಮನೆ ತಾನೆ ನಡೆಯೋದು?"

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾವೂರವ್ವ?"

"ಕೌದಳ್ಳಿ ಸಾ. ಆಟ ನೋಡಿದ್ದು ಮುಳ್ಳೂರಲ್ಲಿ."

"ಜಗಲೀಲಾ?"

"ಊ ಸಾ."

ಅವರು ನಗಲಿಲ್ಲ. ಅದಕ್ಕೆ ಇವತ್ತಿಗೂ ಅವರಿಗೆ ಕೈಮುಗಿಯುತ್ತೇನೆ. "ನಮ್ಮಪ್ಪಾವ್ರೂ ಅಂಗೇ ಆಡೋರು" ಎಂದರು. "ನಾನೂ ಮೈಸೂರಿಗೆ ಓದಕ್ಕೆ ಹೋಗೋಗಂಟ ಅಂಗೇ ಆಡ್ದೋನು. ನಮ್ ಕಡೆ ಜಗಲಿ ಆಟದಲ್ಲಿ ಕಾಲಾಳಿಗೆ ಒಂದೇ ಮನೆ. ತಪ್ಪಲ್ಲ ಕಣವ್ವ ಅದು. ಆದ್ರೆ ಹೊರಗಡೆ ಪ್ರಪಂಚದಲ್ಲಿ ಮೊದಲ ಹೆಜ್ಜೆ ಮಾತ್ರ ಒಂದೋ ಎರಡೋ, ಅವನಿಷ್ಟ." ಒಳಗಿನಿಂದ ನಿಯಮದ ಪುಸ್ತಕ ತಂದು ಆ ಪುಟ ತೆರೆದು ನನ್ನ ತೊಡೆಯ ಮೇಲಿಟ್ಟರು.

ಭೂಮಿ ಬಾಯಿಬಿಡಲಿ ಎನ್ನುತ್ತಾರಲ್ಲ, ಹಾಗಾಯಿತು. ಗಣಿತದ ಮೇಡಂ, ಪದವೀಧರೆ, ಎಂಟು ತಿಂಗಳು ಒಂದು ಕಾಲಾಳಿನ ಮೇಲೆ ಮನೆ ಕಟ್ಟಿದವಳು. ಅವನು ಎಷ್ಟು ಹೆಜ್ಜೆ ಇಡುತ್ತಾನೆ ಎಂಬುದೇ ಗೊತ್ತಿಲ್ಲದೆ, ಎರಡು ಬಸ್ಸು ಹಿಡಿದು ಬಂದು, ಹಿರಿಯರಿಗೆ ಪಾಠ ಹೇಳಲು ಕೂತಿದ್ದೆ. ಆಗ ನೆನಪಾಯಿತು: ಪತ್ರಿಕೆಯ ಕೆಲವು ಉತ್ತರಗಳಲ್ಲಿ ಕಾಲಾಳು ಎರಡು ಮನೆ ನಡೆದದ್ದನ್ನು ನೋಡಿ ನಾನು "ಅಚ್ಚಿನ ತಪ್ಪು" ಎಂದು ಪೆನ್ಸಿಲಿನಲ್ಲಿ ತಿದ್ದಿದ್ದೆ. ವಾಚನಾಲಯದ ಪತ್ರಿಕೆಯಲ್ಲಿ!

ಮೇಷ್ಟ್ರು ಹೊರಡುವಾಗ ಒಂದು ಹಳೆಯ ಪುಸ್ತಕ ಕೊಟ್ಟರು. ಬರೀ ಕಟ್ಟುಗಳು. ಪ್ರತಿ ಚಿತ್ರದ ಮೇಲೆ ಕಟ್ಟಿದವರ ಹೆಸರು, ಊರು. ಒಬ್ಬರು ಅಂಚೆ ಗುಮಾಸ್ತರಂತೆ, ಒಬ್ಬರು ಗಡಿಯಾರ ರಿಪೇರಿಯವರಂತೆ, ಒಬ್ಬರು ವರ್ಷಗಟ್ಟಲೆ ಹಾಸಿಗೆ ಹಿಡಿದವರಂತೆ. ಬಹಳ ಮಂದಿ ದೊಡ್ಡ ಆಟಗಾರರೇ ಅಲ್ಲವಂತೆ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಆ ಹೆಸರುಗಳನ್ನು ಓದುತ್ತಿದ್ದೆ. ಸತ್ತು ಎಷ್ಟು ಕಾಲವಾಯಿತೋ ಅವರೆಲ್ಲ. ಆದರೂ ಒಬ್ಬೊಬ್ಬರೂ ಹಲಗೆ ಮುಂದಿಟ್ಟು, "ಬಾ, ನಿನ್ನ ನಡೆ" ಎಂದು ಕಾಯುತ್ತಿರುವ ಹಾಗಿತ್ತು. ನನಗೆ ಬಸ್ಸು ತಪ್ಪಿತು.

ಮಾವನಿಂದ ಮುಚ್ಚಿಡುವುದು ಸರಿಯಲ್ಲ ಎನಿಸಿತು. ಅದೇ ವಾರ ಹೋಗಿ ಹೇಳಿದೆ.

"ಎಲ್ಡ್ ಮನೆಯಾ? ಯಾರ್ ಏಳ್ದೋರು?"

"ಯಳಂದೂರಿನ ಮೇಷ್ಟ್ರು ಮಾವ. ಪುಸ್ತಕದಲ್ಲೂ ಅದೆ."

"ಕಾಲಾಳು ಅಂದ್ರೆ ನಡ್ಯೋನು ಕಣವ್ವ, ಆರೋನಲ್ಲ. ಆರಕ್ಕೆ ಕುದ್ರೆ ಅದಲ್ಲ."

"ಮೊದಲ ಸಲ ಮಾತ್ರ ಮಾವ."

"ಮೊದ್ಲ ಸಲವೇ ಅಂಗಾಡ್ದೋನು ಆಮೇಲೆ ಸುಮ್ಕಿದ್ದಾನಾ?"

ನಾನು ನಕ್ಕೆ. ಮಾವ ನಗಲಿಲ್ಲ. ಪಕ್ಕದ ಮನೆಯ ಕಡೆ ನೋಡುತ್ತಾ, "ಇಪ್ಪತ್ತು ವರ್ಷ ಆಡ್ದೊ" ಎಂದರು. "ನಂಜುಂಡಂಗೂ ಗೊತ್ತಿರ್ನಿಲ್ಲ ನೋಡು. ಗೊತ್ತಾಗ್ದಂಗೇ ಓಗ್ಬುಟ್ಟ." ಆಮೇಲೆ ಎದ್ದು ಸೊಪ್ಪಿನ ಮನೆಗೆ ಹೋದರು.

ತಿದ್ದಲು ಇನ್ನೂ ಐದು ತಿಂಗಳು ಬೇಕಾಯಿತು. ಕಾಲಾಳು ಎರಡು ಹೆಜ್ಜೆ ಹೋದರೆ, ಮುಚ್ಚಬೇಕಾಗಿದ್ದ ಮನೆಯನ್ನು ದಾಟಿಬಿಡುತ್ತಾನೆ. ಬಾಗಿಲು ತೆರೆದೇ ಉಳಿಯುತ್ತದೆ, ರಾಜ ಪಾರಾಗುತ್ತಾನೆ. ಅವನನ್ನು ಆ ಮೊದಲ ಮನೆಯಿಂದ ತೆಗೆದು ಬೇರೆ ಕಡೆ ಇಟ್ಟರೆ ಸುಲಭವಾಗುತ್ತಿತ್ತು. ಮೇಷ್ಟ್ರು ಆಮೇಲೆ ಬರೆದ ಇನ್ನೊಂದು ಕಾರ್ಡಿನಲ್ಲಿ ಹಾಗೇ ಸೂಚಿಸಿದ್ದರು. ನನಗೆ ಮನಸ್ಸು ಬರಲಿಲ್ಲ. ಅವರಿಬ್ಬರ ಕೊನೆಯ ಆಟದಲ್ಲಿ ಆ ಕಾಲಾಳು ಅಲ್ಲೇ ನಿಂತಿದ್ದ.

ಒಂದು ಭಾನುವಾರ ಬೆಳಿಗ್ಗೆ ಅವ್ವನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಹೊಳೆಯಿತು. ಎರಡು ಹೆಜ್ಜೆ ಹೋದವನೂ ಕೊನೆಗೆ ಒಂದು ಮನೆಯಲ್ಲಿ ನಿಲ್ಲಲೇಬೇಕಲ್ಲ? ಆ ಮನೆಯೂ ರಾಜನಿಗೆ ಬೇಕಾದ ದಾರಿಯೇ ಆಗಿದ್ದರೆ? ಒಂದು ಹೆಜ್ಜೆ ಇಟ್ಟರೆ ಒಂದು ಬಾಗಿಲು ಮುಚ್ಚುತ್ತಾನೆ, ಕುದುರೆ ಬಂದು ರಾಜನನ್ನು ಹಿಡಿಯುತ್ತದೆ. ಎರಡು ಹೆಜ್ಜೆ ಇಟ್ಟರೆ ಇನ್ನೊಂದು ಬಾಗಿಲು ಮುಚ್ಚುತ್ತಾನೆ, ಒಂಟೆ ಬಂದು ಹಿಡಿಯುತ್ತದೆ. ಜಗಲಿಯ ನಿಯಮದಲ್ಲಿ ಆಡಿದರೂ ಸರಿ, ಪುಸ್ತಕದ ನಿಯಮದಲ್ಲಿ ಆಡಿದರೂ ಸರಿ. ಎದ್ದು ಓಡಿದ್ದಕ್ಕೆ ಅವರೆಕಾಳೆಲ್ಲ ಚೆಲ್ಲಿತು. "ಇವ್ಳಿಗೇನ್ ಬಂತು!" ಎಂದು ಅವ್ವ ಬೈಯುತ್ತಿದ್ದದ್ದು ಕೇಳಿಸುತ್ತಿತ್ತು.

ಮೇಷ್ಟ್ರು ಕಾರ್ಡು ಬರೆಯಲಿಲ್ಲ, ಫೋನೇ ಮಾಡಿದರು. "ಕಂಪ್ಯೂಟರಿಗೂ ಹಾಕಿ ನೋಡಿದೆ ಕಣವ್ವ. ಒಂದೇ ದಾರಿ." ನಾನು ಆ ಕಟ್ಟನ್ನು ಒಂದು ಹಾಳೆಯಲ್ಲಿ ಚೆನ್ನಾಗಿ ಬರೆದು ಮಾವನಿಗೆ ಒಯ್ದು ಕೊಟ್ಟೆ. ಮಾವ ಕೈಯಲ್ಲಿ ತೆಗೆದುಕೊಳ್ಳಲಿಲ್ಲ. "ಅಲ್ಲಿಡು" ಎಂದು ಗೂಡಿನ ಚೀಲದ ಕಡೆ ತೋರಿಸಿದರು. ನಾನು ಇಟ್ಟು ಬಂದೆ. ಕುಕ್ಕೆ ಕವುಚಿದ ಹಾಗೇ ಇತ್ತು.

ಫಲಿತಾಂಶ ಬಂತು, ಮೂರನೆಯ ಬಹುಮಾನ. ಬಂದಿದ್ದ ಕಟ್ಟುಗಳು ಒಟ್ಟು ಏಳಂತೆ. ಇದನ್ನೂ ನಾನೇ ಹೇಳಿಬಿಡುವುದು ವಾಸಿ. ಕೊಳ್ಳೇಗಾಲದ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ಮಕ್ಕಳ ಪಂದ್ಯದ ಬಹುಮಾನಗಳೆಲ್ಲ ಮುಗಿದು, ಅರ್ಧ ಕುರ್ಚಿ ಖಾಲಿಯಾದ ಮೇಲೆ ನಮ್ಮ ಸರದಿ. ಅಪ್ಪ, ಅವ್ವ ಕೌದಳ್ಳಿಯಿಂದ ಬಂದಿದ್ದರು. ಮಾವ ಬರುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಅವತ್ತು ಹುಳಕ್ಕೆ ಎರಡನೇ ಜ್ವರ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದಳು. ಅಂಥ ಹಗಲು ಅವರು ಜಗಲಿ ಬಿಟ್ಟು ಏಳುವವರಲ್ಲ. ಆದರೆ ನನ್ನ ಹೆಸರು ಕೂಗುವ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ಮಾವನ ಬಿಳಿ ಅಂಗಿ ಕಾಣಿಸಿತು. ಒಳಗೆ ಬಂದು ಅವ್ವನ ಪಕ್ಕದಲ್ಲಿ ಕೂತರು.

ನಿರೂಪಕರು "ಚದುರಂಗ ಆಟದಲ್ಲಿ ಮೂರನೇ ಸ್ಥಾನ" ಎಂದರು. ನಾನು ಈವರೆಗೆ ಒಂದು ಆಟವನ್ನೂ ಪೂರ್ತಿ ಆಡಿದವಳಲ್ಲ ಎಂದು ಅಲ್ಲಿ ಯಾರಿಗೆ ಹೇಳುವುದು? ಮೇಷ್ಟ್ರು ಪ್ರಮಾಣಪತ್ರ ಕೈಗಿತ್ತರು. ನನ್ನ ಹೆಸರು, ಹೆಸರಿನ ಮುಂದೆ ಬಿ.ಎಸ್ಸಿ., ಕೆಳಗೆ ಚಿಕ್ಕದಾಗಿ ಅಚ್ಚಾದ ಆ ಒಂಬತ್ತು ಕಾಯಿ.  ಅಲ್ಲೇ ನಿಂತು ಕಾಯಿಗಳನ್ನು ಒಂದೊಂದಾಗಿ ಎಣಿಸಿದೆ.

ಮೇಷ್ಟ್ರು ನನ್ನ ಜೊತೆ ಕೆಳಗಿಳಿದು ಬಂದರು. ಅವ್ವ ಪತ್ರವನ್ನು ಸೆರಗಿನಲ್ಲಿ ಒರೆಸಿ, ಅಪ್ಪನಿಗೆ ತೋರಿಸಿ, ಮಾವನಿಗೆ ಕೊಟ್ಟಳು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದರು. ಅಕ್ಷರ ಓದಲಿಲ್ಲ. ಕಣ್ಣು ನೇರ ಕಾಯಿಗಳ ಮೇಲೆ ನಿಂತಿತು. ಮೇಷ್ಟ್ರಿಗೆ ಹುರುಪು ಬಂತು. ಪಕ್ಕಕ್ಕೆ ಬಾಗಿ, ಚಿತ್ರದ ಮೇಲೆ ಬೆರಳಿಡಲು ಹೋಗಿ, "ನಿಮ್ಮ ಸೊಸೆ ಇಲ್ಲಿ ಮೊದಲ ನಡೆ ಏನು ನಡೆಸಿದ್ದಾಳೆ ಗೊತ್ತಾ ಯಜಮಾನರೇ?" ಎಂದರು.

ಮಾವ ತಟ್ಟನೆ ಅವರ ಕೈ ಹಿಡಿದರು.

"ಬ್ಯಾಡಿ ಸಾ, ದಮ್ಮಯ್ಯ, ಏಳ್ಬ್ಯಾಡಿ. ಎಂಟು ದಿನದಿಂದ ಕುಂತು ನೋಡ್ತಾವ್ನಿ. ಇನ್ನೂ ಸಿಕ್ಕಿಲ್ಲ."